ಕ್ರೂಸ್ ಪ್ರಯಾಣ: ಒಂದೇ ಕಂಪನಿಯನ್ನು ನೆಚ್ಚಿಕೊಳ್ಳಬೇಕೆ, ಬೇರೆಯದನ್ನೂ ನೋಡಬೇಕೆ?

ಪ್ರಶ್ನೆ (ಹ್ಯೂಸ್ಟನ್‌ನ ಸದಸ್ಯರು): ನಮಸ್ಕಾರ ಮೇಡಂ. ಗ್ಯಾಲ್ವೆಸ್ಟನ್ ಬಂದರು ನಮಗೆ ಹತ್ತಿರ. ಮಕ್ಕಳಿಗೆ ರಜೆ ಬಂತೆಂದರೆ ಅಲ್ಲಿಂದ ರಾಯಲ್ ಕೆರಿಬಿಯನ್ ಹಡಗು ಹತ್ತುವುದು ರೂಢಿಯಾಗಿದೆ. ಹೀಗೆ ಹೋಗುತ್ತಾ ಹೋಗುತ್ತಾ, ಹಳೆಯ ಗಿರಾಕಿಗಳಿಗೆ ಕೊಡುವ ಡೈಮಂಡ್ ಶ್ರೇಣಿಗೂ ಬಂದಿದ್ದೇವೆ. ಮುಂದಿನ ಬೇಸಿಗೆಗೆ ಮೈಸೂರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅವರನ್ನು ಅಲಾಸ್ಕಾಕ್ಕೆ ಕರೆದೊಯ್ಯುವ ಆಸೆ. ನನ್ನ ಹೆಂಡತಿ ಈ ಸಲ ಪ್ರಿನ್ಸೆಸ್ ಕಂಪನಿಯ ಹಡಗಿನಲ್ಲಿ ಹೋಗೋಣ ಎನ್ನುತ್ತಿದ್ದಾಳೆ. ನನಗೆ ಮನಸ್ಸಿಲ್ಲ. ಇಷ್ಟು ವರ್ಷ ಕೂಡಿಸಿದ ಪಾಯಿಂಟ್‌ಗಳ ಗತಿ ಏನು? ಹೊಸ ಕಂಪನಿಯಲ್ಲಿ ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕಲ್ಲವೇ?

ಉತ್ತರ (ಕ್ರೂಸ್ ಬುಕಿಂಗ್ ಸಲಹೆಗಾರ್ತಿ): ಮೊದಲು ನಿಮ್ಮ ಆತಂಕದ ವಿಷಯ. ರಾಯಲ್ ಕೆರಿಬಿಯನ್‌ನ ಕ್ರೌನ್ ಅಂಡ್ ಆ್ಯಂಕರ್ ಯೋಜನೆಯಲ್ಲಿ ರಾತ್ರಿಗೆ ಒಂದು ಪಾಯಿಂಟ್, 80 ಪಾಯಿಂಟ್ ಆದರೆ ಡೈಮಂಡ್. ಒಮ್ಮೆ ಗಳಿಸಿದ ಪಾಯಿಂಟ್ ಅಲ್ಲಿಯೇ ಇರುತ್ತದೆ. ಒಂದು ವರ್ಷ ಬೇರೆ ಹಡಗಿನಲ್ಲಿ ಹೋದಿರಿ ಎಂದು ಯಾರೂ ಅದನ್ನು ಕಡಿತ ಮಾಡುವುದಿಲ್ಲ. ಪ್ರಿನ್ಸೆಸ್‌ನಲ್ಲಿ ಕಳೆದ ಏಳು ರಾತ್ರಿಗಳು ಮುಂದಿನ ಶ್ರೇಣಿಯಾದ ಡೈಮಂಡ್ ಪ್ಲಸ್ ಕಡೆಗಿನ ಲೆಕ್ಕಕ್ಕೆ ಸೇರುವುದಿಲ್ಲ, ಅಷ್ಟೇ. ಡೈಮಂಡ್ ಪ್ಲಸ್‌ಗೆ 175 ಬೇಕು. ಆ ದೂರದ ಗುರಿಯಲ್ಲಿ ಏಳು ರಾತ್ರಿಗಳ ವಿಳಂಬಕ್ಕೆ ಹೆದರಿ ಅಪ್ಪ, ಅಮ್ಮನ ಪ್ರವಾಸವನ್ನು ನಿರ್ಧರಿಸಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಇನ್ನು, ಡೈಮಂಡ್‌ನಿಂದ ನಿಮಗೆ ನಿಜವಾಗಿ ಎಷ್ಟು ಸಿಗುತ್ತಿದೆ ಎಂದು ಕುಳಿತು ಲೆಕ್ಕ ಹಾಕಿ. ಆ ಶ್ರೇಣಿಯ ಮುಖ್ಯ ಸವಲತ್ತು ದಿನಕ್ಕೆ ನಾಲ್ಕು ಪಾನೀಯದ ವೋಚರ್‌ಗಳು, ಒಂದೊಂದೂ 14 ಡಾಲರ್‌ವರೆಗಿನದು. ಸಂಜೆ ಎರಡು ಕಾಕ್‌ಟೇಲ್, ಊಟಕ್ಕೆ ವೈನ್ ಎನ್ನುವವರಿಗೆ ಇದು ದೊಡ್ಡ ಮೊತ್ತವೇ. ಮದ್ಯ ಮುಟ್ಟದ ಮನೆಯವರು ಅದರಲ್ಲಿ ಕಾಫಿ, ಜ್ಯೂಸ್ ತೆಗೆದುಕೊಳ್ಳುತ್ತಾರೆ. ದಿನಕ್ಕೆ ಅಂಥ ಎರಡು ಪಾನೀಯ ಕುಡಿದರೆ ಉಳಿಯುವುದು ಹತ್ತು ಡಾಲರ್ ಆಸುಪಾಸು. ವಾರಕ್ಕೆ ಒಬ್ಬರಿಗೆ 70 ಎಂದಿಟ್ಟುಕೊಳ್ಳಿ. ನೀವು ಯಾವ ಗುಂಪಿನವರೋ ನನಗೆ ತಿಳಿಯದು, ಲೆಕ್ಕ ನಿಮ್ಮದೇ ಆಗಿರಲಿ. ಇನ್ನೊಂದು ಮಾತು: ಈ ಶ್ರೇಣಿಯನ್ನು ಒಂದೇ ವಿಳಾಸದಲ್ಲಿರುವ ಗಂಡ ಹೆಂಡತಿ ಹಂಚಿಕೊಳ್ಳಬಹುದು, ಸಣ್ಣ ಮಕ್ಕಳಿಗೂ ಅದು ಸಲ್ಲುತ್ತದೆ. ಮೈಸೂರಿನಲ್ಲಿ ವಾಸವಿರುವ ತಂದೆ, ತಾಯಿಗೆ ಸಲ್ಲುವುದಿಲ್ಲ. ಯಾರ ಸಲುವಾಗಿ ಈ ಪ್ರವಾಸ ಹೊರಟಿದೆಯೋ ಅವರಿಗೆ ನಿಮ್ಮ ಡೈಮಂಡ್‌ನಿಂದ ಏನೂ ದಕ್ಕುವುದಿಲ್ಲ.

ಅಲಾಸ್ಕಾದ ವಿಷಯದಲ್ಲಿ ನಾನು ನಿಮ್ಮ ಮನೆಯವರ ಪರ. ಕಾರಣ ಗ್ಲೇಸಿಯರ್ ಬೇ. ಅದು ರಾಷ್ಟ್ರೀಯ ಉದ್ಯಾನ. ದೊಡ್ಡ ಕ್ರೂಸ್ ಹಡಗುಗಳಿಗೆ ದಿನಕ್ಕೆ ಎರಡರಂತೆ ಮಾತ್ರ ಪ್ರವೇಶ. ಆ ಅನುಮತಿಗಳಲ್ಲಿ ಹೆಚ್ಚಿನವು ಪ್ರಿನ್ಸೆಸ್ ಮತ್ತು ಹಾಲಂಡ್ ಅಮೆರಿಕ ಕಂಪನಿಗಳ ಕೈಯಲ್ಲಿವೆ, ನಾರ್ವೀಜಿಯನ್‌ಗೂ ಪಾಲಿದೆ. ರಾಯಲ್ ಕೆರಿಬಿಯನ್ ಹಡಗುಗಳು ಅಲ್ಲಿಗೆ ಹೋಗುವುದಿಲ್ಲ. ಅವು ಎಂಡಿಕಾಟ್ ಆರ್ಮ್ ಅಥವಾ ಹಬ್ಬರ್ಡ್ ಹಿಮನದಿಯತ್ತ ಹೋಗುತ್ತವೆ. ಹಬ್ಬರ್ಡ್ ಕೂಡ ಭವ್ಯವೇ, ಅದನ್ನು ಕೀಳುಗಳೆಯುತ್ತಿಲ್ಲ. ಆದರೆ ಗ್ಲೇಸಿಯರ್ ಬೇಗೆ ಹೋದ ದಿನ ಹಡಗು ಎಲ್ಲಿಯೂ ಲಂಗರು ಹಾಕುವುದಿಲ್ಲ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತಿ, ಎದುರಿಗೆ ಕಾಣುತ್ತಿರುವುದನ್ನು ಧ್ವನಿವರ್ಧಕದಲ್ಲಿ ವಿವರಿಸುತ್ತಾ ಹೋಗುತ್ತಾರೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತು ನಿಧಾನವಾಗಿ ಸುತ್ತು ತಿರುಗುತ್ತದೆ. ಎರಡೂ ಬದಿಯ ಬಾಲ್ಕನಿಗಳಿಗೆ ನೋಟ ಸಿಗಲಿ ಎಂದು ಹೀಗೆ ಮಾಡುತ್ತಾರೆ. ಮಂಡಿ ನೋವಿನ ಹಿರಿಯರು ಕುರ್ಚಿಯಿಂದ ಏಳದೆ, ಶಾಲು ಹೊದ್ದು, ಹಿಮದ ಗೋಡೆ ಕಳಚಿ ನೀರಿಗೆ ಬೀಳುವುದನ್ನು ನೋಡಬಹುದು. ಸ್ವಲ್ಪ ಹೊತ್ತಿನ ಮೇಲೆ ಗುಡುಗಿನಂತಹ ಸದ್ದು ಕೇಳಿಸುತ್ತದೆ. ಡೆಕ್‌ನಲ್ಲಿ ಮಾತಾಡುತ್ತಿದ್ದವರೆಲ್ಲ ಸುಮ್ಮನಾಗುತ್ತಾರೆ.

ಪ್ರಿನ್ಸೆಸ್ ಹಡಗಿನ ಸ್ವಭಾವವೇ ಬೇರೆ ಎಂಬುದೂ ಗೊತ್ತಿರಲಿ. ಅಲ್ಲಿ ಗದ್ದಲ ಕಡಿಮೆ, ಪ್ರಯಾಣಿಕರ ಸರಾಸರಿ ವಯಸ್ಸು ಹೆಚ್ಚು. ನಿಮ್ಮ ಮಕ್ಕಳಿಗೆ ಅಭ್ಯಾಸವಾಗಿರುವ ನೀರಿನ ಜಾರುಬಂಡೆ, ಬಂಡೆ ಹತ್ತುವ ಗೋಡೆ, ಐಸ್ ಸ್ಕೇಟಿಂಗ್ ಅಂಗಳಗಳ ಸಾಲನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ. ಇದನ್ನು ಮಕ್ಕಳಿಗೆ ಈಗಲೇ ತಿಳಿಸಿ. ಕ್ಯಾಬಿನ್ ಕಾರ್ಡ್‌ನ ಬದಲು ಮೆಡಾಲಿಯನ್ ಎಂಬ ನಾಣ್ಯದಂಥ ಬಿಲ್ಲೆ ಕೊಡುತ್ತಾರೆ. ಅದನ್ನು ಕೊರಳಿಗೋ ಕೈಗೋ ಕಟ್ಟಿಕೊಂಡು ಬಾಗಿಲ ಬಳಿ ಬಂದರೆ ಬೀಗ ತಾನೇ ತೆರೆಯುತ್ತದೆ. ಕಾರ್ಡ್ ಎಲ್ಲಿ ಇಟ್ಟೆ ಎಂದು ದಿನವೂ ಚೀಲ ತಡಕಾಡುವ ಹಿರಿಯರಿಗೆ ಇದು ದೊಡ್ಡ ಅನುಕೂಲ.

ಶೂನ್ಯದಿಂದ ಆರಂಭಿಸುವುದು ಬೇಡವೇ ಬೇಡ ಎಂದಾದರೆ ಸೆಲೆಬ್ರಿಟಿ ಇದೆ. ಅದು ರಾಯಲ್ ಕೆರಿಬಿಯನ್ ಗುಂಪಿನದೇ ಕಂಪನಿ. ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಮೂರೂ 2024ರಿಂದ ಒಂದರ ಶ್ರೇಣಿಯನ್ನು ಇನ್ನೊಂದು ಮಾನ್ಯ ಮಾಡುತ್ತಿವೆ. ನಿಮ್ಮ ಡೈಮಂಡ್‌ಗೆ ಸೆಲೆಬ್ರಿಟಿಯಲ್ಲಿ ಎಲೀಟ್ ಶ್ರೇಣಿ ಸಿಗುತ್ತದೆ. ಆದರೆ ಸೆಲೆಬ್ರಿಟಿ ಹಡಗುಗಳೂ ಗ್ಲೇಸಿಯರ್ ಬೇಗೆ ಹೋಗುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಗ್ಲೇಸಿಯರ್ ಬೇ ವಿಷಯ ನನಗೆ ಗೊತ್ತೇ ಇರಲಿಲ್ಲ. ತುಂಬಾ ಉಪಕಾರವಾಯಿತು ಮೇಡಂ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಊಟದ ಚಿಂತೆ ಇರಲಿಲ್ಲ. ಪ್ರಿನ್ಸೆಸ್‌ನಲ್ಲಿ ಹೇಗೆ? ಬೇರೆ ಏನಾದರೂ ಎಚ್ಚರ ವಹಿಸಬೇಕೇ?

ಉತ್ತರ: ಊಟಕ್ಕೆ ತೊಂದರೆಯಾಗದು. ಬುಕಿಂಗ್ ಆದ ಕೂಡಲೇ ವಿಶೇಷ ಆಹಾರದ ಕೋರಿಕೆಯಲ್ಲಿ ಮೊಟ್ಟೆಯೂ ಇಲ್ಲದ ಭಾರತೀಯ ಸಸ್ಯಾಹಾರ ಎಂದು ಬರೆಸಿ. ಹಡಗು ಹತ್ತಿದ ಮೊದಲ ಸಂಜೆ ಊಟದ ಹಾಲ್‌ನ ಮುಖ್ಯ ಮೇಲ್ವಿಚಾರಕರನ್ನು ಕಂಡು ಮತ್ತೊಮ್ಮೆ ಹೇಳಿ. ಮರುದಿನದ ಅಡುಗೆಯನ್ನು ಹಿಂದಿನ ರಾತ್ರಿಯೇ ಕೇಳಿ ಮಾಡಿಕೊಡುವುದು ಬಹುತೇಕ ದೊಡ್ಡ ಕಂಪನಿಗಳ ಪದ್ಧತಿ. ಅಡುಗೆಮನೆಯಲ್ಲಿಯೂ ಬಡಿಸುವವರಲ್ಲಿಯೂ ಗೋವಾ, ಮುಂಬೈ, ಮಂಗಳೂರು ಕಡೆಯವರು ಸಿಗುವುದು ಅಪರೂಪವಲ್ಲ. ಬೇಳೆ ಸಾರು, ಅನ್ನ ಎಂದರೆ ಅವರಿಗೆ ವಿವರಿಸಿ ಹೇಳಬೇಕಾಗುವುದಿಲ್ಲ.

ಎಚ್ಚರ ಬೇಕಾಗಿರುವುದು ವೀಸಾದಲ್ಲಿ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಅಲಾಸ್ಕಾ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಕೆಲವು ಗಂಟೆ ನಿಲ್ಲುತ್ತವೆ. 1886ರ ಅಮೆರಿಕನ್ ಕಾನೂನಿನಂತೆ ವಿದೇಶಿ ಧ್ವಜದ ಹಡಗು ಇಂಥ ಪ್ರಯಾಣದಲ್ಲಿ ಒಂದಾದರೂ ವಿದೇಶಿ ಬಂದರಿಗೆ ಹೋಗಲೇಬೇಕು. ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ತಂದೆ, ತಾಯಿಗೆ ಇದಕ್ಕಾಗಿ ಕೆನಡಾದ ವೀಸಾ ಬೇಕು. ಹಡಗಿನಿಂದ ಇಳಿಯುವುದಿಲ್ಲ ಎಂದರೂ ಅದಿಲ್ಲದೆ ಹತ್ತಿಸಿಕೊಳ್ಳದೇ ಹೋಗಬಹುದು. ಅವರ ಅಮೆರಿಕ ವೀಸಾ ಹಲವು ಬಾರಿ ಪ್ರವೇಶ ಕೊಡುವಂಥದ್ದಾಗಿರಬೇಕು. ನೀವು ಗ್ರೀನ್ ಕಾರ್ಡ್‌ನವರಾದರೆ ನಿಮಗೆ ಕೆನಡಾ ವೀಸಾ ಬೇಡ, ಎಚ್1ಬಿ ಆದರೆ ಬೇಕು. ಹಣ ಪಾವತಿಸಿ, ಸೂಟ್‌ಕೇಸ್ ಹಿಡಿದು ಬಂದರಿಗೆ ಬಂದ ಹಿರಿಯರು ಅಲ್ಲಿಂದಲೇ ಹಿಂದಿರುಗಿದ ಪ್ರಸಂಗಗಳಿವೆ. ಅದಕ್ಕಿಂತ ನೋವಿನ ದೃಶ್ಯ ಈ ಕೆಲಸದಲ್ಲಿ ಇನ್ನೊಂದಿಲ್ಲ. ಅವರು ಮೈಸೂರಿನಿಂದ ಹೊರಡುವ ಮೊದಲೇ ಅರ್ಜಿ ಹಾಕಿಸಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಮೇಡಂ, ನಾವು ಸಿಂಗಪುರದಿಂದ ಗೆಂಟಿಂಗ್ ಡ್ರೀಮ್ ಹಡಗಿನಲ್ಲಿ ಹೋಗಿ ಬಂದೆವು, ಖುಷಿಯಾಯಿತು. ಮುಂದಿನ ಸಲ ಅದೇ ಕಂಪನಿಯೇ, ರಾಯಲ್ ಕೆರಿಬಿಯನ್ನೇ, ಹೊಸದಾಗಿ ಬಂದಿರುವ ಡಿಸ್ನಿಯೇ ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ಒಂದನ್ನೇ ಹಿಡಿದರೆ ಲಾಭವಿದೆಯೇ?

ಉತ್ತರ: ಎರಡು ಮೂರು ವರ್ಷಕ್ಕೊಮ್ಮೆ ಮೂರು ನಾಲ್ಕು ರಾತ್ರಿಯ ಪ್ರಯಾಣ ಮಾಡುವವರು ಶ್ರೇಣಿಯ ಯೋಚನೆಯನ್ನೇ ಬಿಡುವುದು ಒಳ್ಳೆಯದು. ರಾಯಲ್ ಕೆರಿಬಿಯನ್‌ನ ಡೈಮಂಡ್‌ಗೆ ನಾಲ್ಕು ರಾತ್ರಿಯ ಪ್ರಯಾಣವನ್ನು ಇಪ್ಪತ್ತು ಸಲ ಮಾಡಬೇಕು. ಡಿಸ್ನಿಯಲ್ಲಿ ರಾತ್ರಿಯ ಲೆಕ್ಕವಿಲ್ಲ, ಪ್ರಯಾಣದ ಲೆಕ್ಕ: ಒಂದು ಮುಗಿಸಿದರೆ ಸಿಲ್ವರ್, ಐದಕ್ಕೆ ಗೋಲ್ಡ್, ಹತ್ತಕ್ಕೆ ಪ್ಲಾಟಿನಂ. ಸಣ್ಣ ಪ್ರಯಾಣ ಮಾಡುವವರಿಗೆ ಅದು ಕೊಂಚ ಅನುಕೂಲ, ಆದರೆ ಡಿಸ್ನಿಯ ದರವೂ ಹೆಚ್ಚು. ನಿಮ್ಮ ಸಂದರ್ಭದಲ್ಲಿ ಪ್ರತಿ ಸಲ ಹೊಸ ಹಡಗು ನೋಡುವುದೇ ಲಾಭ. ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಡಿಸ್ನಿ, ಹದಿಹರೆಯದವರಿದ್ದರೆ ರಾಯಲ್ ಕೆರಿಬಿಯನ್, ಅಜ್ಜ ಅಜ್ಜಿ ಜೊತೆಗಿದ್ದು ನಮ್ಮ ಕಡೆಯ ಊಟವೇ ಮುಖ್ಯ ಎಂದಾದರೆ ಮತ್ತೆ ಗೆಂಟಿಂಗ್ ಡ್ರೀಮ್. ನನ್ನ ಅಭಿಪ್ರಾಯ ಇಷ್ಟು.

ನೀವು ಹೋಗಿ ಬಂದ ಹಡಗಿನ ಕಥೆಯನ್ನೇ ನೋಡಿ. ಅದು ಮೊದಲು ಡ್ರೀಮ್ ಕ್ರೂಸಸ್‌ನದು. ಅದರ ಮಾತೃಸಂಸ್ಥೆ ಗೆಂಟಿಂಗ್ ಹಾಂಗ್ ಕಾಂಗ್ 2022ರ ಜನವರಿಯಲ್ಲಿ ದಿವಾಳಿಯಾಗಿ ಡ್ರೀಮ್ ಕ್ರೂಸಸ್ ಮುಚ್ಚಿತು. ಅದೇ ವರ್ಷದ ಜೂನ್‌ನಲ್ಲಿ ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಎಂಬ ಹೊಸ ಕಂಪನಿ ಹಡಗನ್ನು ಮತ್ತೆ ಸಮುದ್ರಕ್ಕಿಳಿಸಿತು. ಜರ್ಮನಿಯ ವಿಸ್ಮಾರ್‌ನಲ್ಲಿ ಅರ್ಧಕ್ಕೆ ನಿಂತಿದ್ದ, ಗೆಂಟಿಂಗ್ ಹಾಂಗ್ ಕಾಂಗ್‌ನ ಮತ್ತೊಂದು ಭಾರಿ ಹಡಗನ್ನು ಡಿಸ್ನಿ ಕೊಂಡುಕೊಂಡಿತು. ನಿಮ್ಮ ಮನೆಯಲ್ಲಿ ಚರ್ಚೆಯಾಗುತ್ತಿರುವ ಡಿಸ್ನಿ ಅಡ್ವೆಂಚರ್ ಅದೇ. ನಮ್ಮ ಮುಂಬೈಯಲ್ಲಿ 2019ರಲ್ಲಿ ಆರಂಭವಾದ ಜಲೇಶ್ ಕ್ರೂಸಸ್ ಕೂಡ ಮರುವರ್ಷವೇ ನಿಂತುಹೋಯಿತು, ಅದರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. ಪಾಯಿಂಟ್ ಎಂಬುದು ಬ್ಯಾಂಕಿನ ಠೇವಣಿಯಲ್ಲ. ಅದಕ್ಕೆ ವಿಮೆಯೂ ಇಲ್ಲ, ಕಂಪನಿ ಮುಳುಗಿದರೆ ಕೇಳುವವರೂ ಇಲ್ಲ.

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯರು): ಮುಳುಗುವ ಮಾತಿರಲಿ, ಚೆನ್ನಾಗಿ ನಡೆಯುತ್ತಿರುವ ಕಂಪನಿಯೇ ನಿಯಮ ಬದಲಿಸಿದರೆ? ನಾವು ಕಾರ್ನಿವಲ್‌ನ ಹಳೆಯ ಗಿರಾಕಿಗಳು. ರಾತ್ರಿಗಳ ಲೆಕ್ಕ ಬಿಟ್ಟು ಖರ್ಚಿನ ಲೆಕ್ಕಕ್ಕೆ ಹೋಗುತ್ತಿದ್ದಾರೆ. ಬಹಳ ಬೇಸರವಾಗಿದೆ.

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಕಾರ್ನಿವಲ್ ಈ ಬದಲಾವಣೆಯನ್ನು 2025ರ ಜೂನ್‌ನಲ್ಲಿ ಪ್ರಕಟಿಸಿತು, 2026ರ ಜೂನ್‌ನಿಂದ ಜಾರಿ ಎಂದಿತು. ಪ್ರಕಟಿಸಿದ ಪ್ರಕಾರ, ಇದುವರೆಗೆ ಹಡಗಿನಲ್ಲಿ ಕಳೆದ ರಾತ್ರಿಗಳ ಮೇಲೆ ನಿಂತಿದ್ದ ಶ್ರೇಣಿ ಇನ್ನು ಮುಂದೆ ಎರಡು ವರ್ಷಗಳ ಅವಧಿಯೊಳಗೆ ಮಾಡಿದ ಖರ್ಚಿನ ಮೇಲೆ ನಿಲ್ಲುತ್ತದೆ. ಕಿಟಕಿಯಿಲ್ಲದ ಅಗ್ಗದ ಒಳ ಕ್ಯಾಬಿನ್‌ನಲ್ಲಿ ಹಲವು ಸಲ ಹೋದ ನಿವೃತ್ತ ದಂಪತಿಗಿಂತ ಒಂದೇ ಸಲ ಸೂಟ್ ಎಂಬ ದುಬಾರಿ ದೊಡ್ಡ ಕೋಣೆಯಲ್ಲಿ ಹೋದವರು ಮುಂದೆ ಹೋಗಬಹುದು. ವಿಮಾನ ಕಂಪನಿಗಳು ಈ ದಾರಿಯನ್ನು ಮೊದಲೇ ತುಳಿದಿವೆ. ಶ್ರೇಣಿ ಏರಿದವರ ಸಂಖ್ಯೆ ಹೆಚ್ಚಿ, ಆದ್ಯತೆಯ ಸಾಲೇ ಸಾಮಾನ್ಯ ಸಾಲಿಗಿಂತ ಉದ್ದವಾದಾಗ ಕಂಪನಿಗಳು ಇಂಥ ಕೆಲಸಕ್ಕೆ ಕೈ ಹಾಕುತ್ತವೆ. ವ್ಯಾಪಾರದ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಹಳೆಯ ಗಿರಾಕಿಗಳ ನೆಚ್ಚಿಕೆಯನ್ನು ಇನ್ನಷ್ಟು ಗೌರವದಿಂದ ಕಾಣಬಹುದಿತ್ತು ಎಂಬುದು ನನ್ನ ದೃಢವಾದ ಅನಿಸಿಕೆ.

ಈ ಕಾರಣಕ್ಕೇ ನಾನು ಯಾರಿಗೂ ಮುಂದೆಂದೋ ಸಿಗುವ ಶ್ರೇಣಿಯ ಸಲುವಾಗಿ ಇಂದು ಟಿಕೆಟ್ ಕೊಳ್ಳಲು ಹೇಳುವುದಿಲ್ಲ. ಮೊದಲು ಸಮುದ್ರದ ದಾರಿ ನೋಡಿ, ಆಮೇಲೆ ಹಡಗು, ಆಮೇಲೆ ದರ. ಕಂಪನಿಯ ಹೆಸರು ಕೊನೆಗೆ. ದರ ಹೋಲಿಸುವಾಗ ಸಿಬ್ಬಂದಿಯ ಟಿಪ್ಸ್ ಮರೆಯಬೇಡಿ, ಅಮೆರಿಕದ ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಆಗುತ್ತದೆ. ಹಡಗಿನಲ್ಲಿರುವಾಗಲೇ ಮುಂದಿನ ಪ್ರಯಾಣಕ್ಕೆ ಮುಂಗಡ ಕಟ್ಟಿದರೆ ರಿಯಾಯಿತಿ ಎಂದು ಕೊನೆಯ ದಿನಗಳಲ್ಲಿ ಕರೆಯುತ್ತಾರೆ. ಮುಂಗಡ ಹಿಂದಿರುಗುತ್ತದೆಯೇ ಎಂದು ಕೇಳಿ, ಬರಹದಲ್ಲಿ ನೋಡಿದ ಮೇಲೆ ಕಟ್ಟಿ.

ಪ್ರಶ್ನೆ (ಡಲ್ಲಾಸ್‌ನ ಸದಸ್ಯರು): ಎಂಎಸ್‌ಸಿ ಕಂಪನಿ ಬೇರೆಯವರ ಶ್ರೇಣಿಯನ್ನು ತನ್ನಲ್ಲಿ ಒಪ್ಪಿಕೊಳ್ಳುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಬೇರೆ ಕ್ರೂಸ್ ಕಂಪನಿಯ ಶ್ರೇಣಿಯನ್ನಷ್ಟೇ ಅಲ್ಲ, ಕೆಲವು ಹೋಟೆಲ್ ಸದಸ್ಯತ್ವಗಳನ್ನೂ ನೋಡಿ ತಮ್ಮಲ್ಲಿ ಸಮಾನ ಶ್ರೇಣಿ ಕೊಡುವ ಪದ್ಧತಿ ಅವರಲ್ಲಿದೆ. ಯಾವುದಕ್ಕೆ ಯಾವುದು ಎಂಬ ಪಟ್ಟಿ ಬದಲಾಗುತ್ತಿರುತ್ತದೆ, ಆದ್ದರಿಂದ ಬುಕಿಂಗ್‌ಗೆ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಿರಿ. ಗ್ಯಾಲ್ವೆಸ್ಟನ್‌ನಿಂದಲೂ ಅವರ ಹಡಗು ಈಗ ಹೊರಡುವುದರಿಂದ ನಿಮಗೆ ಪ್ರಯೋಗ ಸುಲಭ. ಯುರೋಪಿನ ರೀತಿನೀತಿಯ ಕಂಪನಿ ಅದು. ಮೆಡಿಟರೇನಿಯನ್‌ನಲ್ಲಿ ಅವರ ಹಡಗು ಹತ್ತಿದರೆ ಘೋಷಣೆಗಳು ಐದಾರು ಭಾಷೆಗಳಲ್ಲಿ ಬರುತ್ತವೆ, ರಾತ್ರಿಯ ಊಟ ತಡ, ಊಟದ ಮೇಜಿನ ನೀರಿಗೂ ದುಡ್ಡು ಕೊಡಬೇಕಾಗಬಹುದು.

ಪ್ರಶ್ನೆ (ಕ್ಯಾಲಿಫೋರ್ನಿಯಾದ ಸದಸ್ಯರು): ನನಗೆ ಡೈಮಂಡ್‌ಗೆ ಎಂಟು ಪಾಯಿಂಟ್ ಮಾತ್ರ ಬಾಕಿ. ನಾನೂ ಈಗ ಬೇರೆ ಕಂಪನಿಗೆ ಹೋಗಬಹುದೇ, ಇದನ್ನು ಮುಗಿಸಿಯೇ ಹೋಗಲೇ?

ಉತ್ತರ: ಮುಗಿಸಿಯೇ ಹೋಗಿ. ಇಷ್ಟು ಹತ್ತಿರ ಬಂದವರಿಗೆ ಮಾತ್ರ ನಾನು ಹೀಗೆ ಹೇಳುತ್ತೇನೆ. ರಾಯಲ್ ಕೆರಿಬಿಯನ್‌ನಲ್ಲಿ ಸೂಟ್ ತೆಗೆದುಕೊಂಡರೆ ರಾತ್ರಿಗೆ ಎರಡು ಪಾಯಿಂಟ್. ಒಬ್ಬರೇ ಹೋಗಿ ಇಬ್ಬರ ದರ ಕಟ್ಟಿದರೂ ಎರಡು. ಲಾಸ್ ಏಂಜಲೀಸ್‌ನಿಂದ ಮೆಕ್ಸಿಕೋ ಕಡೆಗಿನ ನಾಲ್ಕು ರಾತ್ರಿಯ ಪ್ರಯಾಣದಲ್ಲಿ ಜೂನಿಯರ್ ಸೂಟ್ ಸಿಕ್ಕರೆ ಎಂಟೂ ತುಂಬುತ್ತದೆ. ಸೂಟ್‌ಗೆ ಕೊಡುವ ಹೆಚ್ಚುವರಿ ಹಣ ಮತ್ತು ಎಂಟು ರಾತ್ರಿಯ ಸಾಧಾರಣ ಬಾಲ್ಕನಿಯ ದರ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ಆರಿಸಿಕೊಳ್ಳಿ. ಬುಕಿಂಗ್ ಪತ್ರದಲ್ಲಿ ಸದಸ್ಯತ್ವ ಸಂಖ್ಯೆ ಇದೆಯೇ, ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇದೆಯೇ ಎಂದು ಪರೀಕ್ಷಿಸಿ. ತಂದೆಯ ಹೆಸರು, ಊರಿನ ಹೆಸರು ಹಿಂದೆ ಮುಂದೆ ಆಗಿ ನಮ್ಮವರ ಪಾಯಿಂಟ್ ಎರಡು ಖಾತೆಗಳಲ್ಲಿ ಹರಿದು ಹಂಚಿಹೋಗಿರುವುದು ಸಾಮಾನ್ಯ. ಹಾಗಿದ್ದರೆ ಎರಡನ್ನೂ ಒಂದು ಮಾಡಿಕೊಡಿ ಎಂದು ಕಂಪನಿಗೆ ಈಗಲೇ ಬರೆಯಿರಿ. ಬಾಕಿ ಇರುವುದು ಎಂಟಕ್ಕಿಂತ ಕಡಿಮೆಯೂ ಇರಬಹುದು.