ಸೊಂಟದಿಂದ ಕಾಲಿಗಿಳಿಯುವ ನೋವಿಗೆ ಬೆಲ್ಟ್, ಕುರ್ಚಿಗಳ ಆಸರೆಯ ಯೋಗ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನನಗೆ 44 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿ ದಿನವಿಡೀ ಮಷಿನ್ ಮುಂದೆ ಬಗ್ಗಿ ಕೂರುತ್ತೇನೆ. ಕೆಲವು ತಿಂಗಳಿಂದ ಸೊಂಟದ ನೋವು ಎಡಗಾಲಿನ ಮೀನಖಂಡದವರೆಗೆ ಇಳಿಯುತ್ತಿದೆ. ವೈದ್ಯರು ಎಂಆರ್‌ಐ ನೋಡಿ, ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್ ಸ್ವಲ್ಪ ಉಬ್ಬಿದೆ, ಆಪರೇಷನ್ ಬೇಕಿಲ್ಲ, ತಿಳಿದವರ ಬಳಿ ವ್ಯಾಯಾಮ ಕಲಿಯಿರಿ ಎಂದಿದ್ದಾರೆ. ಬೆಲ್ಟ್, ಇಟ್ಟಿಗೆ, ಕುರ್ಚಿ ಬಳಸುವ ಯೋಗ ಇದಕ್ಕೆ ಆಗುತ್ತದೆಯೇ? ಆಸರೆ ಹಿಡಿದು ಮಾಡಿದ್ದು ಪೂರ್ಣ ಆಸನವಲ್ಲ ಎಂದು ಕೆಲವರು ಹೇಳುತ್ತಾರೆ. ಸಾಮಾನು ಕೊಳ್ಳುವ ಅನುಕೂಲವೂ ನನಗಿಲ್ಲ.

ಉತ್ತರ: ಆಗುತ್ತದೆ. ಆಸರೆಯ ಆಸನ ಅರೆಬರೆ ಆಸನವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಕಾಯಿಲೆಗಳಿಂದ ನರಳಿದವರು. ಮುಂದೆ ಪುಣೆಯಲ್ಲಿ ನೆಲೆಸಿ, ರೋಗಿಗಳೂ ವಯಸ್ಸಾದವರೂ ಮೈಯ ಅಂಗಗಳ ಸರಿಯಾದ ಜೋಡಣೆಯಲ್ಲಿ ಆಸನ ಮಾಡುವಂತಾಗಲೆಂದು ಹಗ್ಗ, ಇಟ್ಟಿಗೆ, ಕುರ್ಚಿಗಳನ್ನು ಬಳಕೆಗೆ ತಂದರು. ನೋಯುವ ಸೊಂಟದ ಸುತ್ತಲಿನ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಮೈಭಾರವನ್ನು ಬೇರೊಂದು ವಸ್ತು ಹೊತ್ತರೆ ಅವು ಸಡಿಲಗೊಳ್ಳಲು ಅವಕಾಶ ಸಿಗುತ್ತದೆ.

ತಮಗೆ ಮುಖ್ಯವಾದುದು ಸುಪ್ತ ಪಾದಾಂಗುಷ್ಠಾಸನ. ಅಂಗಾತ ಮಲಗಿ, ಬಲ ಅಂಗಾಲನ್ನು ಗೋಡೆಗೆ ಒತ್ತಿ, ಎಡಪಾದಕ್ಕೆ ಬೆಲ್ಟ್ ಹಾಕಿ ಕಾಲೆತ್ತಬೇಕು. ಆದರೆ ಮಂಡಿ ನೇರವಾಗಿದ್ದು ಎಡ ಪೃಷ್ಠ ನೆಲ ಬಿಡದಿರುವಷ್ಟು ಎತ್ತರಕ್ಕೆ ಮಾತ್ರ. ಬಹಳ ಮಂದಿ ಬೆಲ್ಟನ್ನು ಜಗ್ಗಿ ಕಾಲನ್ನು ತಲೆಯ ಕಡೆಗೆ ತರುತ್ತಾರೆ. ಆಗ ಪೃಷ್ಠ ಮೇಲೇಳುತ್ತದೆ, ಸೊಂಟ ದುಂಡಗಾಗುತ್ತದೆ, ಉಬ್ಬಿದ ಡಿಸ್ಕ್‌ನಿಂದ ಕೆರಳಿದ, ಕಾಲಿಗಿಳಿಯುವ ನರ ಇನ್ನಷ್ಟು ಎಳೆಯಲ್ಪಡುತ್ತದೆ. ನೋವು ಮೀನಖಂಡವನ್ನು ಬಿಟ್ಟು ಸೊಂಟದ ಕಡೆಗೆ ಹಿಂದೆ ಸರಿಯುತ್ತಿದ್ದರೆ, ಸೊಂಟದಲ್ಲಿ ತುಸು ಹೆಚ್ಚೆನಿಸಿದರೂ ಅದು ಒಳ್ಳೆಯ ಲಕ್ಷಣ. ಪಾದದ ಕಡೆಗೆ ಇಳಿದರೆ ಅಥವಾ ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಪಶ್ಚಿಮೋತ್ತಾನಾಸನದಂತಹ ಮುಂದಕ್ಕೆ ಬಗ್ಗುವ ಆಸನಗಳು ಸದ್ಯ ಬೇಡ. ಕೆಲಸ ಮುಗಿಸಿ ಬಂದ ಮೇಲೆ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ ಶವಾಸನದಲ್ಲಿರಿ.

ಸಾಮಾನಿಗೆ ದುಡ್ಡು ಹಾಕಬೇಡಿ. ತಮ್ಮಲ್ಲಿ ಉಳಿಯುವ ಡೆನಿಮ್ ಪಟ್ಟಿಯನ್ನು ಎರಡು ಮಡಿಕೆ ಮಾಡಿ ಹೊಲಿದರೆ ಗಟ್ಟಿ ಬೆಲ್ಟಾಗುತ್ತದೆ. ಸ್ಟ್ರೆಚ್ ಬಟ್ಟೆ ಮಾತ್ರ ಬೇಡ, ಅದು ಹಿಗ್ಗುವುದರಿಂದ ಪಾದ ಒಂದೆಡೆ ನಿಲ್ಲುವುದಿಲ್ಲ. ಹಾಸಲು ಮನೆಯ ಕೌದಿ ಸಾಕು. ಶಹಾಬಾದ್ ಕಲ್ಲಿನ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಆದ್ದರಿಂದ ಕಬ್ಬಿಣದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಮೊದಲ ಕೆಲವು ಸಲ ತಿಳಿದವರು ಎದುರಿಗಿರಲೇಬೇಕು, ಏಕೆಂದರೆ ತಮ್ಮ ಪೃಷ್ಠ ಎದ್ದಿದ್ದು ತಮಗೆ ಕಾಣುವುದಿಲ್ಲ.

ಕೊಪ್ಪಳದಿಂದ ಒಬ್ಬರು: ಅಕ್ಕಾ, ನಮ್ಮ ಅತ್ತೆಯವರಿಗೆ ಬಿಪಿ ಇದೆ. ಹಗ್ಗದಲ್ಲಿ ತಲೆಕೆಳಗಾಗಿ ತೂಗುವುದನ್ನು ಅವರಿಗೆ ಮಾಡಿಸಬಹುದೇ?

ಉತ್ತರ: ಬೇಡಮ್ಮಾ. ಬಿಪಿ ಹತೋಟಿಯಲ್ಲಿಲ್ಲದವರಿಗೂ ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆ ಇರುವವರಿಗೂ ಅದು ಅಪಾಯಕರ. ಕುರ್ಚಿಯ ಶವಾಸನದಿಂದ ಆರಂಭಿಸಿ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಯಾವ ಲಕ್ಷಣ ಕಂಡರೆ ಮತ್ತೆ ಆಸ್ಪತ್ರೆಗೆ ಹೋಗಬೇಕು?

ಉತ್ತರ: ಪಾದ ಎತ್ತಲಾಗದಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಯೋಗವನ್ನೂ ಔಷಧವನ್ನೂ ನೆಚ್ಚಿಕೊಂಡು ಕೂರದೆ, ನಡುರಾತ್ರಿಯಾದರೂ ಸರಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.