ಅಮೆರಿಕದ ಗ್ಯಾಲನ್‌ನಿಂದ ಇಂಪೀರಿಯಲ್ ಗ್ಯಾಲನ್‌ಗೆ ಸಾಂದ್ರತೆ: ಗುಣಿಸಬೇಕೇ, ಭಾಗಿಸಬೇಕೇ?

ಪ್ರಶ್ನೆ

ಒಂದು ಲೇಪನ ದ್ರವದ ಮಾಹಿತಿ ಪತ್ರದಲ್ಲಿ ಅದರ ಸಾಂದ್ರತೆಯನ್ನು ಅಮೆರಿಕದ ಮಾನದಲ್ಲಿ ಗ್ಯಾಲನ್‌ಗೆ 11.2 ಪೌಂಡ್ ಎಂದು ಕೊಟ್ಟಿದ್ದಾರೆ. ನನ್ನ ಬಳಿಯಿರುವ ಹಳೆಯ ಕೋಷ್ಟಕಗಳೆಲ್ಲ ಇಂಪೀರಿಯಲ್ (ಬ್ರಿಟಿಷ್) ಗ್ಯಾಲನ್ನಿನ ಲೆಕ್ಕದಲ್ಲಿರುವುದರಿಂದ ಈ ಅಂಕಿಯನ್ನು ಅದಕ್ಕೆ ಪರಿವರ್ತಿಸಬೇಕಾಗಿದೆ. ಒಂದು ಇಂಪೀರಿಯಲ್ ಗ್ಯಾಲನ್ ಎಂದರೆ 1.20095 ಅಮೆರಿಕದ ಗ್ಯಾಲನ್ ಎಂದು ತಿಳಿದಿದ್ದೆ. ಗಾತ್ರವನ್ನು ಪರಿವರ್ತಿಸುವಾಗ ಮಾಡುವಂತೆಯೇ ಭಾಗಿಸಿದಾಗ 9.33 ಬಂದಿತು. ಆದರೆ ಗುಣಿಸಬೇಕೆಂದು ಬೇರೊಂದು ಕಡೆ ಓದಿದೆ. ಯಾವುದು ಸರಿ, ಮತ್ತು ಏಕೆ ಸರಿ ಎಂಬುದನ್ನು ದಯವಿಟ್ಟು ತಿಳಿಸಿ. ಪೌಂಡ್‌ನಲ್ಲಿಯೂ ಎರಡು ಬಗೆಗಳಿವೆಯೇ?

ಉತ್ತರ 1

ಗುಣಿಸಬೇಕು. ಉತ್ತರ 13.45.

ಪೌಂಡ್ ಎರಡೂ ಕಡೆ ಒಂದೇ. 1959ರ ಒಪ್ಪಂದದ ನಂತರ ಅದು ನಿಖರವಾಗಿ 0.45359237 ಕಿಲೋಗ್ರಾಂ. ವ್ಯತ್ಯಾಸವೆಲ್ಲ ಗ್ಯಾಲನ್‌ನಲ್ಲಿದೆ. ಅಮೆರಿಕವು ಹಳೆಯ ಇಂಗ್ಲಿಷ್ ವೈನ್ ಗ್ಯಾಲನ್ನನ್ನೇ, ಅಂದರೆ 231 ಘನ ಅಂಗುಲಗಳ ಅಳತೆಯನ್ನೇ, ಉಳಿಸಿಕೊಂಡಿತು. ಬ್ರಿಟನ್ 1824ರಲ್ಲಿ ಅದನ್ನು ಬಿಟ್ಟು, 62 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 10 ಪೌಂಡ್ ನೀರು ಹಿಡಿಯುವ ಹೊಸ ಗ್ಯಾಲನ್ನನ್ನು ಜಾರಿಗೆ ತಂದಿತು. ಇಂದಿನ ವ್ಯಾಖ್ಯೆಯಂತೆ ಮೊದಲನೆಯದು 3.785411784 ಲೀಟರ್, ಎರಡನೆಯದು 4.54609 ಲೀಟರ್.

ಹತ್ತು ಸಣ್ಣ ಪಾತ್ರೆಗಳ ದ್ರವವನ್ನು ದೊಡ್ಡ ಪಾತ್ರೆಗಳಿಗೆ ಸುರಿದರೆ ಪಾತ್ರೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಆದರೆ ಒಂದೊಂದು ಪಾತ್ರೆಯೂ ಮೊದಲಿಗಿಂತ ಹೆಚ್ಚು ತೂಗುತ್ತದೆ. ಗಾತ್ರವನ್ನು ಪರಿವರ್ತಿಸುವಾಗ ನೀವು ಪಾತ್ರೆಗಳನ್ನು ಎಣಿಸುತ್ತೀರಿ, ಸಾಂದ್ರತೆಯಲ್ಲಿ ಒಂದು ಪಾತ್ರೆಯನ್ನು ತೂಗುತ್ತೀರಿ. ಗ್ಯಾಲನ್ ಛೇದದಲ್ಲಿರುವುದರಿಂದಲೇ ದಿಕ್ಕು ತಿರುಗುತ್ತದೆ.

ನಿಮ್ಮ 9.33ನ್ನು ನೀರಿನೊಂದಿಗೆ ಹೋಲಿಸಿ ನೋಡಿ. ಇಂಪೀರಿಯಲ್ ಗ್ಯಾಲನ್ ನೀರು ಸುಮಾರು 10 ಪೌಂಡ್ ತೂಗುವುದರಿಂದ, 9.33 ಎಂದರೆ ನೀರಿಗಿಂತ ಹಗುರವಾದ ದ್ರವ. ಅಮೆರಿಕದ ಗ್ಯಾಲನ್ ನೀರು ತೂಗುವುದು ಸುಮಾರು 8.33 ಪೌಂಡ್ ಮಾತ್ರ. ಆ ಲೆಕ್ಕದಲ್ಲಿ 11.2 ಎಂಬುದು ನೀರಿಗಿಂತ ಭಾರ. ಒಂದೇ ದ್ರವ ಎರಡೂ ಆಗಲಾರದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಒಂದು ಹನಿಯನ್ನು ನೀರಿನ ಲೋಟಕ್ಕೆ ಬಿಟ್ಟೆ. ಅದು ಗುಂಡಗೆ ಉಳಿದು ನೇರವಾಗಿ ತಳಕ್ಕೆ ಇಳಿಯಿತು. ಭಾಗಿಸಿದ್ದು ತಪ್ಪೆಂದು ಮನದಟ್ಟಾಯಿತು. ಅದೇ ಪತ್ರದ ಇನ್ನೊಂದು ಪುಟದಲ್ಲಿ ಸಾಂದ್ರತೆಯು ದ್ರವ ಔನ್ಸ್‌ಗೆ 1.40 ಔನ್ಸ್ ಎಂದಿದೆ. ಅದನ್ನೂ 1.20095ರಿಂದ ಗುಣಿಸಿ 1.68 ಎಂದು ಬರೆದುಕೊಳ್ಳಬಹುದೇ?

ಉತ್ತರ 2

ಬೇಡ, ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಅಮೆರಿಕದ ಗ್ಯಾಲನ್‌ನಲ್ಲಿ 128 ದ್ರವ ಔನ್ಸ್‌ಗಳಿದ್ದರೆ ಇಂಪೀರಿಯಲ್ ಗ್ಯಾಲನ್‌ನಲ್ಲಿ 160 ಇವೆ. ಹೀಗಾಗಿ ಗ್ಯಾಲನ್‌ನಲ್ಲಿ ಅಮೆರಿಕದ್ದು ಚಿಕ್ಕದಾದರೂ ದ್ರವ ಔನ್ಸ್‌ನಲ್ಲಿ ಅಮೆರಿಕದ್ದೇ ದೊಡ್ಡದು: 29.57 ಮಿಲಿಲೀಟರ್, ಇಂಪೀರಿಯಲ್‌ನದು 28.41. ಆದ್ದರಿಂದ ಇಲ್ಲಿ ಅಂಕಿ ಇಳಿಯಬೇಕು, 1.40ನ್ನು 0.96076ರಿಂದ ಗುಣಿಸಿದರೆ 1.345. ಗ್ಯಾಲನ್ ಮೂಲಕ ಬಂದರೂ ಇದೇ ಸಿಗುತ್ತದೆ: 13.45 ಪೌಂಡ್ ಎಂದರೆ (ಪೌಂಡ್‌ಗೆ 16 ಔನ್ಸ್ ತೂಕದಂತೆ) 215.2 ಔನ್ಸ್, ಅದನ್ನು 160ರಿಂದ ಭಾಗಿಸಿದರೆ 1.345.

ಘನ ಅಡಿಯ ಲೆಕ್ಕದಲ್ಲಿ ಯಾವ ತೊಡಕೂ ಇಲ್ಲ, ಏಕೆಂದರೆ ಅಡಿಯೂ ಪೌಂಡೂ ಎರಡು ಪದ್ಧತಿಗಳಿಗೆ ಸಮಾನ. ನಿಮ್ಮ ದ್ರವ ಎರಡರಲ್ಲಿಯೂ ಘನ ಅಡಿಗೆ 83.8 ಪೌಂಡ್.

ಉತ್ತರ 3

ಮೇಲಿನ ಎರಡೂ ಉತ್ತರಗಳು ಸರಿಯಾಗಿವೆ. ಟನ್ನಿನಲ್ಲಿ ಮಾತ್ರ ಎಚ್ಚರವಿರಲಿ: ಅಮೆರಿಕದ ಟನ್ 2000 ಪೌಂಡ್, ಇಂಪೀರಿಯಲ್ ಟನ್ 2240 ಪೌಂಡ್. ಘನ ಗಜಕ್ಕೆ ಇಷ್ಟು ಟನ್ ಎಂದು ಕೊಟ್ಟಿದ್ದರೆ ಬದಲಾಗುವುದು ಅಂಶವೇ ಹೊರತು ಛೇದವಲ್ಲ, ಅಲ್ಲಿ 1.12ರಿಂದ ಭಾಗಿಸಬೇಕು.

ನಾನಂತೂ ಯಾವಾಗಲೂ ಘನ ಮೀಟರಿಗೆ ಕಿಲೋಗ್ರಾಂ ಮೂಲಕವೇ ಹೋಗುತ್ತೇನೆ. ಅಮೆರಿಕದ ಗ್ಯಾಲನ್‌ಗೆ ಒಂದು ಪೌಂಡ್ ಎಂದರೆ 119.826, ಇಂಪೀರಿಯಲ್ ಗ್ಯಾಲನ್‌ಗೆ ಒಂದು ಪೌಂಡ್ ಎಂದರೆ 99.776. ನಿಮ್ಮ ದ್ರವ 1342 ಆಗುತ್ತದೆ. ನೀರು ಸುಮಾರು 1000 ಎಂಬುದು ಎಲ್ಲರಿಗೂ ನೆನಪಿರುವುದರಿಂದ ತಪ್ಪು ನುಸುಳಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಮೂಲದ 11.2ರಲ್ಲಿ ಮೂರೇ ಸಾರ್ಥಕ ಅಂಕಿಗಳಿರುವುದರಿಂದ ಕೋಷ್ಟಕದಲ್ಲಿ 13.5 ಎಂದು ಬರೆದರೆ ಸಾಕು.