ಸಹಾಯ ಬೇಕು: ಆಕ್ಸಿಲರೇಟರ್ ಒತ್ತಿದರೆ ಚೈನ್‌ಸಾ ಬಂದ್

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಗಾಳಿಗೆ ಬಿದ್ದ ಹಲಸಿನ ಮರ ಕೊಯ್ಯಬೇಕು, ಮಿಷನ್ ಕೈಕೊಟ್ಟಿದೆ.

ಹಗ್ಗ ಎಳೆದರೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಐಡಲ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ 'ಬ್ವಾ' ಅಂತ ಗೊರಗುಟ್ಟಿ ಬಂದ್. ಚೋಕ್ ಅರ್ಧ ಎಳೆದರೆ ಮಾತ್ರ ಸ್ವಲ್ಪ ರೇಸ್ ಆಗುತ್ತದೆ. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಅಲ್ವಾ?

ಏರ್ ಫಿಲ್ಟರ್ ತೊಳೆದಾಯಿತು. ಪ್ಲಗ್, ಟ್ಯಾಂಕಿನೊಳಗಿನ ಫಿಲ್ಟರ್ ಎರಡೂ ಹೊಸದು. ಪೆಟ್ರೋಲೂ ಹೊಸದೇ, ಲೀಟರಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್. ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ನೋಡಿದರೂ ಅದೇ ಕತೆ. ಸೈಲೆನ್ಸರ್ ಜಾಲರಿಯಲ್ಲಿ ಮಸಿ ಇಲ್ಲ.

ಮಳೆಗಾಲವಿಡೀ ಇದು ಭಾವನ ಮನೆಯಲ್ಲಿ ಪೆಟ್ರೋಲ್ ಸಮೇತ ಕೂತಿತ್ತು (ಭಾವ ಈ ಗ್ರೂಪಿನಲ್ಲಿಲ್ಲ, ಧೈರ್ಯವಾಗಿ ಹೇಳಬಹುದು). ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಕಾರ್ಬುರೇಟರ್‌ನ ಡಯಾಫ್ರಾಮ್ (ಪೆಟ್ರೋಲ್ ಎಳೆಯುವ ತೆಳು ಪೊರೆ) ಗಟ್ಟಿಯಾಗಿರಬಹುದಾ? ಅಥವಾ ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಒಡೆದು ಗಾಳಿ ಎಳೆಯುತ್ತಿದೆಯಾ?

ಮೆಕ್ಯಾನಿಕ್ ಇಡೀ ಕಾರ್ಬುರೇಟರ್ ಬದಲಿಸಿ ಅಂತಾರೆ. ಸುಮ್ನೆ ಯಾಕೆ ಖರ್ಚು? 'ಎಚ್' ಸ್ಕ್ರೂ (ರೇಸ್ ಮಾಡುವಾಗಿನ ಪೆಟ್ರೋಲ್ ಹೆಚ್ಚು-ಕಡಿಮೆ ಮಾಡುವುದು) ತಿರುಗಿಸಲು ಹೆದರಿಕೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಪಿಸ್ಟನ್ ಜಾಮ್ ಆದರೆ ಮುಗಿಯಿತು.

ಡಯಾಫ್ರಾಮ್ ಕಿಟ್ ಕಾಸರಗೋಡು ಅಥವಾ ಪುತ್ತೂರಿನಲ್ಲಿ ಸಿಗುತ್ತದಾ? ಸ್ವತಃ ಹಾಕಿದವರಿದ್ದರೆ ತಿಳಿಸಿ.